ನುಡಿಗಟ್ಟುಗಳು ಹುಟ್ಟಿದ ಊರುಗಳು

ಇಂಗ್ಲೆಂಡಿಗೆ ಹೋಗಿಬಂದವರು ವರ್ಣಿಸುವ ಸ್ಥಳಗಳೆಲ್ಲ ಸಾಮಾನ್ಯವಾಗಿ ಒಂದೇ ಪಟ್ಟಿಗೆ ಸೇರಿದವು. ಲಂಡನ್ನಿನ ಗೋಪುರ, ಬಕಿಂಗ್‌ಹ್ಯಾಂ ಅರಮನೆಯ ಮುಂದೆ ಕಾವಲು ಬದಲಾಗುವ ಸಡಗರ, ಷೇಕ್ಸ್‌ಪಿಯರ್ ಮಹಾಕವಿಯ ಜನ್ಮಗೃಹ, ಉತ್ತರದ ಸರೋವರಗಳ ಸೀಮೆ, ಇಷ್ಟನ್ನು ನೋಡಿದರೆ ಯಾತ್ರೆ ಸಂಪೂರ್ಣವಾಯಿತೆಂದು ಭಾವಿಸುವುದು ವಾಡಿಕೆ. ಆದರೆ ಆ ದೇಶದಲ್ಲಿ ಮತ್ತೊಂದು ಬಗೆಯ ಯಾತ್ರಾಸ್ಥಳಗಳೂ ಉಂಟು. ಅವುಗಳ ಹೆಸರನ್ನು ನಮ್ಮ ಜನ ಭೂಪಟದಲ್ಲಿ ಕಾಣುವುದಕ್ಕೆ ಮೊದಲೇ ಇಂಗ್ಲೀಷ್ ವ್ಯಾಕರಣದ ಪುಸ್ತಕದ ಕೊನೆಯ ಪುಟಗಳಲ್ಲಿ ಕಂಡಿರುತ್ತಾರೆ.

ಎಡಗಡೆಗೆ ನುಡಿಗಟ್ಟು, ಬಲಗಡೆಗೆ ಅದರ ಅರ್ಥ. ಹೀಗೆ ಅಚ್ಚಾದ ಪಟ್ಟಿಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದವರು ನಮ್ಮಲ್ಲಿ ಮನೆಗೊಬ್ಬರಾದರೂ ಇದ್ದಾರು. 'ಕೊವೆಂಟ್ರಿಗೆ ಕಳುಹಿಸು' ಎಂದರೆ ಬಹಿಷ್ಕರಿಸು. 'ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಹೊರು' ಎಂದರೆ ವ್ಯರ್ಥಕಾರ್ಯ ಮಾಡು. 'ಹಾಬ್ಸನ್ಸ್ ಛಾಯ್ಸ್' ಎಂದರೆ ಆಯ್ಕೆಯೇ ಇಲ್ಲದ ಆಯ್ಕೆ. ಇದನ್ನು ಬರೆದು ಅಂಕ ಗಳಿಸಿದ ವಿದ್ಯಾರ್ಥಿಗೆ ಕೊವೆಂಟ್ರಿ ಎಂಬುದು ಊರೋ ಸೆರೆಮನೆಯೋ, ಹಾಬ್ಸನ್ ಎಂಬವನು ದೊರೆಯೋ ದರ್ಜಿಯೋ ಎಂಬ ಯೋಚನೆ ಬರುವುದಕ್ಕೆ ಸಮಯವಿರಲಿಲ್ಲ.

ಬಿಡಿಮಾತುಗಳ ಅರ್ಥವನ್ನು ಕೂಡಿಸಿದರೆ ಬಾರದ ಅರ್ಥ ಯಾವುದರಲ್ಲಿ ಹುದುಗಿದೆಯೋ ಅದು ನುಡಿಗಟ್ಟು. ಕನ್ನಡದಲ್ಲಿ ಅಪರಾಧವನ್ನು 'ಹೊಟ್ಟೆಗೆ ಹಾಕಿಕೊಳ್ಳುವ' ಅತ್ತೆ ಏನನ್ನೂ ನುಂಗುವುದಿಲ್ಲ. ಪರರ ವಿಷಯದಲ್ಲಿ 'ಮೂಗು ತೂರಿಸುವ' ನೆರೆಯವನ ಮೂಗು ಸ್ವಸ್ಥಾನದಲ್ಲೇ ಇರುತ್ತದೆ. ಒಬ್ಬರ ನುಡಿಗಟ್ಟನ್ನು ಇನ್ನೊಬ್ಬರ ಭಾಷೆಗೆ ಮಾತಿಗೆ ಮಾತಾಗಿ ಸಾಗಿಸಿದರೆ ಅಪಾಯ ತಪ್ಪಿದ್ದಲ್ಲ. ಇಂಗ್ಲೀಷಿನವನು 'ಕೈ ಕೊಡುತ್ತೇನೆ' ಎಂದರೆ ಸಹಾಯಕ್ಕೆ ಬರುತ್ತಾನೆ. ಕನ್ನಡದವನು 'ಕೈ ಕೊಟ್ಟ' ಎಂದರೆ ನಡುನೀರಿನಲ್ಲಿ ಬಿಟ್ಟು ಹೋದನೆಂದೇ ಅರ್ಥ. ನುಡಿಗಟ್ಟಿನ ಬೇರು ಅದನ್ನಾಡುವ ಜನರ ಕಸುಬಿನಲ್ಲಿ, ಅವರು ಕಂಡುಂಡ ಸುಖದುಃಖಗಳಲ್ಲಿ ಇರುವುದೇ ಇದಕ್ಕೆ ಕಾರಣ. ಕೆಲವು ನುಡಿಗಟ್ಟುಗಳ ಬೇರು ಒಂದು ನಿರ್ದಿಷ್ಟ ಬೀದಿಗೆ, ಒಂದು ಬಂದರಿಗೆ, ಒಂದು ಕುದುರೆಲಾಯಕ್ಕೆ ಹೋಗಿ ಮುಟ್ಟುತ್ತದೆ. ಅಂಥ ಐದು ಊರುಗಳನ್ನು ದಕ್ಷಿಣದಿಂದ ಉತ್ತರಕ್ಕೆ ಹೋಗಿ ಮರಳುವ ದಾರಿಯಲ್ಲಿ ನೋಡಿಬರಬಹುದು.

ಪೋರ್ಟ್ಸ್‌ಮತ್: ಹಡಗು ಕಲಿಸಿದ ಮಾತು

ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯ ಪ್ರಯಾಣದ ಕೊನೆಗೆ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಬಂದರು ಸಿಕ್ಕುತ್ತದೆ. ಅಲ್ಲಿಯ ನೌಕಾಂಗಣದಲ್ಲಿ, ನೀರು ಬಸಿದ ಕಟ್ಟೆಯೊಂದರೊಳಗೆ, ನೆಲ್ಸನ್ನನ ಧ್ವಜನೌಕೆ 'ವಿಕ್ಟರಿ' ೧೯೨೨ರಿಂದ ನೆಲೆಗೊಂಡಿದೆ. ೧೭೬೫ರಲ್ಲಿ ನೀರಿಗಿಳಿದ ಈ ಮರದ ಹಡಗಿನಲ್ಲಿ ನೂರನಾಲ್ಕು ಫಿರಂಗಿಗಳಿದ್ದವು. ೧೮೦೫ರ ಅಕ್ಟೋಬರ್ ೨೧ರಂದು ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ಗುಂಡೇಟು ತಿಂದು ಬಿದ್ದದ್ದು ಇದರ ಅಟ್ಟದ ಮೇಲೆಯೇ. ಎಂಟುನೂರಕ್ಕೂ ಹೆಚ್ಚು ಜನ ತಿಂಗಳುಗಟ್ಟಲೆ ಬದುಕಿದ ಇದರ ಕೆಳ ಅಂತಸ್ತುಗಳಲ್ಲಿ ಸ್ವಲ್ಪ ಎತ್ತರದ ಆಳು ತಲೆ ಬಗ್ಗಿಸಿಯೇ ನಡೆಯಬೇಕು.

ಬೆಂಗಳೂರಿನ ಗೃಹಸ್ಥನು ಕಾಫಿಯ ಲೋಟವನ್ನು ಕೆಳಗಿಟ್ಟು "ಫಸ್ಟ್ ರೇಟ್!" ಎಂದು ಮೆಚ್ಚುಗೆ ಸೂಚಿಸುವಾಗ ಆತನಿಗೆ ತಿಳಿಯದಂತೆಯೇ ಈ ಹಡಗಿಗೆ ಸಲಾಮು ಮಾಡಿರುತ್ತಾನೆ. ಬ್ರಿಟಿಷ್ ನೌಕಾಪಡೆ ಯುದ್ಧದ ಹಡಗುಗಳನ್ನು ಫಿರಂಗಿಗಳ ಸಂಖ್ಯೆಗನುಸಾರವಾಗಿ ಆರು ದರ್ಜೆಗಳಾಗಿ ವಿಂಗಡಿಸಿತ್ತು. ನೂರಕ್ಕೆ ಕಡಿಮೆಯಿಲ್ಲದಷ್ಟು ಫಿರಂಗಿಗಳನ್ನು ಹೊತ್ತದ್ದು ಮೊದಲನೆಯ ದರ್ಜೆ, ಅಂದರೆ 'ಫಸ್ಟ್ ರೇಟ್'. 'ವಿಕ್ಟರಿ' ಆ ವರ್ಗದ್ದು. ಹಡಗುಗಳ ಲೆಕ್ಕದಲ್ಲಿ 'ಥರ್ಡ್ ರೇಟ್' ಎಂಬುದು ಬೈಗುಳವಾಗಿರಲಿಲ್ಲ. ನೌಕಾಪಡೆಯ ಬೆನ್ನೆಲುಬಾಗಿದ್ದವು ಆ ಮೂರನೆಯ ದರ್ಜೆಯ ಹಡಗುಗಳೇ. ದಡಕ್ಕೆ ಬಂದ ಮೇಲೆ ಅದೇ ಮಾತು ಕಳಪೆ ಎಂಬ ಅರ್ಥಕ್ಕೆ ಇಳಿಯಿತು.

ಈ ಹಡಗನ್ನು ನಡೆಸುವುದಕ್ಕೆ ಬೇಕಾಗಿದ್ದ ಹಗ್ಗಗಳನ್ನು ಬಿಚ್ಚಿ ಹಾಸಿದರೆ ಇಪ್ಪತ್ತು ಮೈಲಿಗೂ ಮೀರುತ್ತಿತ್ತು. ಯಾವ ಹಗ್ಗ ಯಾವ ಹಾಯಿಗೆ ಎಂಬುದನ್ನು ಕಗ್ಗತ್ತಲಿನಲ್ಲೂ ತಡವರಿಸದೆ ಗುರುತಿಸಬಲ್ಲವನೇ ನುರಿತ ನಾವಿಕ. ಕಸುಬಿನ ಒಳಮರ್ಮ ತಿಳಿದವನನ್ನು 'ಹಗ್ಗಗಳನ್ನು ಬಲ್ಲವನು' ಎಂದು ಇಂಗ್ಲೀಷಿನಲ್ಲಿ ಹೇಳುವುದರ ಹಿನ್ನೆಲೆ ಇದು. ಲಂಗರಿನ ಹಗ್ಗವನ್ನು ಹಡಗಿನೊಳಗೆ ಸುತ್ತಿ ಬಿಗಿಯುವ ಗಟ್ಟಿ ಗೂಟಗಳಿಗೆ 'ಬಿಟ್' ಎಂದು ಹೆಸರು. ಆ ಕಡೆಯ ತುದಿ 'ಬಿಟರ್ ಎಂಡ್'. ೧೬೨೭ರಲ್ಲೇ ಕ್ಯಾಪ್ಟನ್ ಜಾನ್ ಸ್ಮಿತ್ ಎಂಬಾತ ನಾವಿಕರ ಪರಿಭಾಷೆಯನ್ನು ವಿವರಿಸಿ ಬರೆದ ಪುಸ್ತಕದಲ್ಲಿ ಈ ಮಾತು ಬಂದಿದೆ. ಹಗ್ಗ ಆ ತುದಿಯವರೆಗೂ ಬಿಚ್ಚಿಹೋಯಿತೆಂದರೆ ಮುಂದೆ ಬಿಡುವುದಕ್ಕೆ ಏನೂ ಉಳಿದಿಲ್ಲ. 'ಬಿಟರ್ ಎಂಡ್'ವರೆಗೆ ಹೋರಾಡುವವನ ಪಾಡೂ ಅದೇ. ಅಲ್ಲಿ ಕಹಿಯ ರುಚಿ ಬೆರೆತದ್ದು ಅನಂತರ. ಗಾಳಿ ಇದ್ದಕ್ಕಿದ್ದಂತೆ ಎದುರಾಗಿ ಹಾಯಿಯನ್ನು ಕಂಬಕ್ಕೆ ಒತ್ತಿ ಹಡಗನ್ನು ತಡೆದರೆ ಅದು 'ಟೇಕನ್ ಅಬ್ಯಾಕ್'. ಅನಿರೀಕ್ಷಿತ ಮಾತಿಗೆ ತಬ್ಬಿಬ್ಬಾದ ಮನುಷ್ಯನೂ ಹಾಗೆಯೇ. ಎದುರುಗಾಳಿಗೂ ಹಿಂಗಾಳಿಗೂ ಸಮನಾಗಿ ಸಾಗಬಲ್ಲ ಹಡಗಿನ ಗುಣವನ್ನು ಹೇಳುತ್ತಿದ್ದ 'ಬೈ ಅಂಡ್ ಲಾರ್ಜ್' ಈಗ 'ಒಟ್ಟಾರೆ' ಎಂಬುದಕ್ಕೆ ಸಮನಾಗಿ ಕಚೇರಿಯ ಕಾಗದಗಳಲ್ಲಿ ಓಡಾಡುತ್ತಿದೆ.

ನೆಲ್ಸನ್ನನ ಹೆಸರಿಗೆ ಅಂಟಿಕೊಂಡ ನುಡಿಗಟ್ಟು ಇನ್ನೊಂದು. ೧೭೯೪ರಲ್ಲಿ ಕಾರ್ಸಿಕಾ ದ್ವೀಪದ ಕಾಳಗದಲ್ಲಿ ಆತನ ಬಲಗಣ್ಣಿನ ದೃಷ್ಟಿ ಹೋಯಿತು. ೧೮೦೧ರ ಏಪ್ರಿಲ್ ೨ರಂದು ಕೋಪನ್‌ಹೇಗನ್ನಿನ ಕದನ ನಡೆಯುತ್ತಿದ್ದಾಗ ಹಿರಿಯ ಸೇನಾಪತಿಯಾದ ಹೈಡ್ ಪಾರ್ಕರನು ಕಾಳಗವನ್ನು ನಿಲ್ಲಿಸುವಂತೆ ಬಾವುಟದ ಸಂಜ್ಞೆ ಕೊಡಿಸಿದ. ನೆಲ್ಸನ್ ದೂರದರ್ಶಕವನ್ನು ಕಾಣದ ಕಣ್ಣಿಗೆ ಹಿಡಿದು ಸಂಜ್ಞೆಯೇ ಕಾಣುವುದಿಲ್ಲವೆಂದನಂತೆ. ಕಾಳಗ ಮುಂದುವರಿದು ಜಯವೂ ಲಭಿಸಿತು. ದೂರದರ್ಶಕದ ಪ್ರಸಂಗಕ್ಕೆ ಬಣ್ಣ ಕಟ್ಟಲಾಗಿದೆಯೆಂದು ಇತಿಹಾಸಕಾರರು ಸಂಶಯಪಟ್ಟರೂ 'ಕುರುಡುಗಣ್ಣು ತಿರುಗಿಸು' ಎಂಬ ಮಾತು ಜನಪ್ರಿಯವಾದದ್ದು ಆ ಕಥೆಯಿಂದಲೇ. ಇದಕ್ಕೆ ಕನ್ನಡಿಗರು ಪರದಾಡಬೇಕಾಗಿಲ್ಲ. 'ಜಾಣಕುರುಡು' ಎಂಬ ಸೊಗಸಾದ ಮಾತು ನಮ್ಮಲ್ಲಿದೆ.

ಹಡಗಿನ ಕಥೆಗಳನ್ನೆಲ್ಲ ನಂಬಬೇಕೆಂದಿಲ್ಲ. ನಾವಿಕರು ಚೌಕದ ಮರದ ತಟ್ಟೆಯಲ್ಲಿ ಉಣ್ಣುತ್ತಿದ್ದುದರಿಂದ ಹೊಟ್ಟೆತುಂಬ ಊಟಕ್ಕೆ 'ಸ್ಕ್ವೇರ್ ಮೀಲ್' ಎಂಬ ಹೆಸರು ಬಂತೆಂದು ಪ್ರವಾಸಿಗಳಿಗೆ ಹೇಳುವುದುಂಟು. ತಟ್ಟೆಗಳು ಚೌಕವಾಗಿದ್ದದ್ದು ನಿಜ. ಆದರೆ ಆ ನುಡಿಗಟ್ಟು ಮೊದಲು ಕಾಣುವುದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ, ನೆಲದ ಮೇಲಿನ ಊಟದ ಮನೆಗಳ ಸಂಬಂಧದಲ್ಲಿ. ಕೇಳುವುದಕ್ಕೆ ಚೆನ್ನಾಗಿರುವ ವ್ಯುತ್ಪತ್ತಿಯನ್ನು ಎರಡು ಸಲ ಪರೀಕ್ಷಿಸಬೇಕೆಂಬ ಪಾಠವನ್ನು ಇಲ್ಲಿಂದಲೇ ಕಟ್ಟಿಕೊಂಡು ಹೊರಡುವುದು ಒಳ್ಳೆಯದು. ಆ ಕಾಲದ ನೌಕೆಗಳೆಲ್ಲ ಇಂಗ್ಲೆಂಡಿನ ಓಕ್ ಮರದವು ಎಂಬುದೂ ಅರ್ಧಸತ್ಯವೇ. ೧೮೧೭ರಲ್ಲಿ ಮುಂಬಯಿಯಲ್ಲಿ ಪಾರಸಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿದ 'ಟ್ರಿಂಕೊಮಲಿ' ಎಂಬ ಯುದ್ಧನೌಕೆ ಇಂಗ್ಲೆಂಡಿನ ಈಶಾನ್ಯದ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ.

ಲಂಡನ್: ಗದ್ದಲದ ಹಿಂದಿನ ನೋವು

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣದ ಜನಜಂಗುಳಿಯನ್ನು 'ಬೆಡ್ಲಂ' ಎಂದು ಯಾರಾದರೂ ಕರೆದರೆ ಆ ಮಾತು ಅವರಿಗೇ ಅರಿಯದಂತೆ ತನ್ನ ಹುಟ್ಟೂರಿಗೆ ಬಂದು ನಿಂತಂತಾಗುತ್ತದೆ. ೧೨೪೭ರಲ್ಲಿ ಇದೇ ಜಾಗದಲ್ಲಿ ಬೆತ್ಲೆಹೆಮ್ಮಿನ ಮಾತೆ ಮೇರಿಯ ಹೆಸರಿನ ಮಠವೊಂದು ಸ್ಥಾಪಿತವಾಯಿತು. ಕಾಲಕ್ರಮದಲ್ಲಿ ಅದು ಚಿತ್ತಸ್ವಾಸ್ಥ್ಯ ಕೆಟ್ಟವರ ಆಸ್ಪತ್ರೆಯಾಯಿತು. ಲಂಡನ್ನಿನ ಜನರ ನಾಲಗೆಯ ಮೇಲೆ 'ಬೆತ್ಲೆಹೆಂ' ಸವೆದು 'ಬೆಡ್ಲಂ' ಆಯಿತು. ಸವೆದ ಹೆಸರೇ ಕಿವಿಗಡಚಿಕ್ಕುವ ಗೊಂದಲಕ್ಕೆ ಪರ್ಯಾಯವಾಯಿತು. ನಮ್ಮ 'ಹುಚ್ಚರ ಸಂತೆ'ಗೆ ಇದು ತೀರ ಹತ್ತಿರದ ಮಾತು.

೧೬೭೬ರಲ್ಲಿ ಆಸ್ಪತ್ರೆ ಮೂರ್‌ಫೀಲ್ಡ್ಸ್ ಎಂಬಲ್ಲಿಯ ಹೊಸ ಕಟ್ಟಡಕ್ಕೆ ಸಾಗಿತು. ವಿಜ್ಞಾನಿಯೂ ಶಿಲ್ಪಿಯೂ ಆಗಿದ್ದ ರಾಬರ್ಟ್ ಹುಕ್ ಇದನ್ನು ರೂಪಿಸಿದ್ದ. ಹೊರನೋಟಕ್ಕೆ ಅರಮನೆಯಂತಿದ್ದ ಅದರೊಳಗೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದಿತ್ತು. ಹಬ್ಬದ ದಿನಗಳಲ್ಲಿ ನಗರದ ಜನ ಕಾಸು ಕೊಟ್ಟು ಒಳಹೊಕ್ಕು, ಆ ನತದೃಷ್ಟರನ್ನು ಮೃಗಶಾಲೆಯ ಪ್ರಾಣಿಗಳಂತೆ ನೋಡಿ ನಕ್ಕು ಹೋಗುತ್ತಿದ್ದರು. ೧೭೭೦ರಲ್ಲಿ ಈ ಪದ್ಧತಿಗೆ ಕಡಿವಾಣ ಬಿತ್ತು. ೧೮೧೫ರಲ್ಲಿ ಆಸ್ಪತ್ರೆ ಥೇಮ್ಸ್ ನದಿಯ ದಕ್ಷಿಣದಂಡೆಗೂ ೧೯೩೦ರಲ್ಲಿ ನಗರದಂಚಿನ ಬೆಕನ್‌ಹ್ಯಾಮಿನ ವಿಶಾಲ ತೋಟಕ್ಕೂ ವರ್ಗವಾಯಿತು. ಅಲ್ಲಿ ಈಗಲೂ ಗೌರವದ ಚಿಕಿತ್ಸೆ ನಡೆಸುತ್ತಿದೆ. ದಕ್ಷಿಣದಂಡೆಯ ಹಳೆಯ ಕಟ್ಟಡದಲ್ಲಿ ಈಗ ಸಾಮ್ರಾಜ್ಯ ಯುದ್ಧ ವಸ್ತುಸಂಗ್ರಹಾಲಯವಿದೆ. ಮನುಷ್ಯರ ಅತಿದೊಡ್ಡ ಚಿತ್ತವಿಭ್ರಮೆಯ ದಾಖಲೆಗಳಿಗೆ ಅಂಥ ಕಟ್ಟಡ ಒದಗಿದುದು ಕಾಕತಾಳೀಯವಾದರೂ ಯೋಚನೆಗೆ ಹಚ್ಚುವಂತಿದೆ.

೨೦೧೫ರಲ್ಲಿ ಹೊಸ ರೈಲುದಾರಿಗಾಗಿ ಲಿವರ್‌ಪೂಲ್ ಸ್ಟ್ರೀಟಿನ ಬಳಿ ನೆಲ ಅಗೆದಾಗ, ಆಸ್ಪತ್ರೆಯ ಹೆಸರಿನಿಂದಲೇ ಜನಜನಿತವಾದ ಹಳೆಯ ರುದ್ರಭೂಮಿಯಿಂದ ಮೂರು ಸಾವಿರಕ್ಕೂ ಹೆಚ್ಚು ಅಸ್ಥಿಪಂಜರಗಳು ಹೊರಬಂದವು. ಅಲ್ಲಿ ಮಣ್ಣಾದವರಲ್ಲಿ ಬಹುಮಂದಿ ಲಂಡನ್ನಿನ ಬಡವರು, ಪ್ಲೇಗಿಗೆ ತುತ್ತಾದವರು. ಮಾತಿನ ಅಡಿಯಲ್ಲಿ ಮನುಷ್ಯರಿರುತ್ತಾರೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷ ನಿದರ್ಶನ ಬೇಡ. ಇದು ಪರದೇಶದವರನ್ನು ಮಾತ್ರ ಆಕ್ಷೇಪಿಸುವ ವಿಷಯವೂ ಅಲ್ಲ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ ೧೯೭೪ರಲ್ಲಿ ನಿಮ್ಹಾನ್ಸ್ ಸಂಸ್ಥೆಯಾಗಿ ಬೆಳೆದು ದೇಶವಿದೇಶಗಳಲ್ಲಿ ಹೆಸರು ಗಳಿಸಿದೆ. ಹಾಗಿದ್ದರೂ ಮಿತ್ರನನ್ನು ಗೇಲಿ ಮಾಡುವಾಗ ಆ ಸಂಸ್ಥೆಯ ಹೆಸರನ್ನೇ ಎತ್ತುವ ಅಭ್ಯಾಸ ನಗರದಲ್ಲಿ ಉಳಿದುಕೊಂಡಿದೆ. ಮನೆಯಲ್ಲಿ ಯಾರಾದರೂ ಆ ಕಾಯಿಲೆಯಿಂದ ನರಳಿದ್ದರೆ ಈ ಹಾಸ್ಯ ಅವರಿಗೆ ಎಲ್ಲಿ ನಾಟುತ್ತದೆಂಬುದನ್ನು ಆಡುವವರು ಯೋಚಿಸುವುದು ಕಡಿಮೆ.

ಕೇಂಬ್ರಿಜ್: ಬಾಗಿಲ ಬಳಿಯ ಕುದುರೆ

ಲಂಡನ್ನಿನಿಂದ ಒಂದು ಗಂಟೆಯಷ್ಟು ದೂರದಲ್ಲಿ ವಿದ್ಯಾನಗರಿ ಕೇಂಬ್ರಿಜ್. ಪಂಡಿತರಿಗೆ ಹೆಸರಾದ ಈ ಊರಿನಿಂದ ಭಾಷೆಯಲ್ಲಿ ಚಿರಸ್ಥಾಯಿಯಾದವನು ಪಂಡಿತನಲ್ಲ. ಬಾಡಿಗೆ ಕುದುರೆಗಳ ಯಜಮಾನ ಥಾಮಸ್ ಹಾಬ್ಸನ್. ಕೇಂಬ್ರಿಜ್‌ಗೂ ಲಂಡನ್ನಿಗೂ ನಡುವೆ ಗಾಡಿಗಳಲ್ಲಿ ಸರಕು ಮತ್ತು ಪತ್ರಗಳನ್ನು ಸಾಗಿಸುವುದು ಈತನ ಮುಖ್ಯ ವ್ಯಾಪಾರ. ಈಗ ಸೇಂಟ್ ಕ್ಯಾಥರೀನ್ಸ್ ಕಾಲೇಜು ನಿಂತಿರುವ ಸ್ಥಳದಲ್ಲಿ ಆತನ ಲಾಯವಿತ್ತು. ಅದರಲ್ಲಿ ಸುಮಾರು ನಲವತ್ತು ಕುದುರೆಗಳಿದ್ದವೆಂದು ಹೇಳುತ್ತಾರೆ.

ವಿದ್ಯಾರ್ಥಿಗಳು ಸವಾರಿಗೆ ಬಂದರೆ ಚುರುಕಾದ ಕುದುರೆಯನ್ನೇ ಆರಿಸಿ, ಓಡಿಸಿ, ದಣಿಸಿ ತಂದು ಬಿಡುತ್ತಿದ್ದರು. ಒಳ್ಳೆಯ ಕುದುರೆಗಳು ಸೊರಗಿದವು. ಮಿಕ್ಕವು ಕೆಲಸವಿಲ್ಲದೆ ಕೊಬ್ಬಿದವು. ಹಾಬ್ಸನ್ ಅದಕ್ಕೊಂದು ಕಟ್ಟಳೆ ಮಾಡಿದ. ಹಿಂದಿರುಗಿದ ಕುದುರೆ ಸಾಲಿನ ಕೊನೆಗೆ ಹೋಗಬೇಕು; ಬಂದ ಗಿರಾಕಿ ಬಾಗಿಲಿಗೆ ಅತ್ಯಂತ ಸಮೀಪದಲ್ಲಿರುವ ಕುದುರೆಯನ್ನೇ ತೆಗೆದುಕೊಳ್ಳಬೇಕು. ಒಪ್ಪಿದರೆ ಇದು, ಇಲ್ಲದಿದ್ದರೆ ಕಾಲುನಡಿಗೆ. ಗಿರಾಕಿಯ ಅಂತಸ್ತು ಎಷ್ಟೇ ದೊಡ್ಡದಾಗಿದ್ದರೂ ವಿನಾಯಿತಿ ಇರಲಿಲ್ಲ. ಹೀಗೆ ಹುಟ್ಟಿತು 'ಹಾಬ್ಸನ್ಸ್ ಛಾಯ್ಸ್'. ಇಂದು ಈ ಮಾತನ್ನು ಎರಡು ಕಷ್ಟಗಳ ನಡುವಿನ ಇಕ್ಕಟ್ಟು ಎಂಬರ್ಥದಲ್ಲಿ ಹಲವರು ಬಳಸುವುದುಂಟು, ಅದು ಸರಿಯಲ್ಲ. ಹಾಬ್ಸನ್ನನ ಲಾಯದಲ್ಲಿ ಎರಡು ಕುದುರೆಗಳನ್ನು ತೋರಿಸುತ್ತಲೇ ಇರಲಿಲ್ಲ. ಪರೀಕ್ಷೆಗೆ ಕೂರುವವರು ಗಮನಿಸತಕ್ಕ ಅಂಶವಿದು.

ನುಡಿಗಟ್ಟನ್ನು ಬಳಸುವವರು ಗಿರಾಕಿಯ ಕಡೆಯಿಂದ ಮಾತನಾಡುತ್ತಾರೆ. ಆಯ್ಕೆ ಕಿತ್ತುಕೊಂಡ ಹಟಮಾರಿಯೆಂದು ಹಾಬ್ಸನ್ನನನ್ನು ಕಾಣುತ್ತಾರೆ. ಕುದುರೆಯ ಕಡೆಯಿಂದ ನೋಡಿದರೆ ಆತನ ಕಟ್ಟಳೆ ಶುದ್ಧ ನ್ಯಾಯ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತು ತಮ್ಮ ಸರದಿಗೆ ಕಾದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪ್ಲೇಗಿನ ಕಾರಣ ಲಂಡನ್ ಪ್ರಯಾಣ ನಿಷಿದ್ಧವಾಗಿ ಮನೆಯಲ್ಲಿ ಕುಳಿತಿದ್ದ ಕಾಲದಲ್ಲಿ, ೧೬೩೧ರ ಜನವರಿಯಲ್ಲಿ, ಹಾಬ್ಸನ್ ತೀರಿಕೊಂಡ. ಆಗ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ತರುಣನೊಬ್ಬ ಆತನ ಮೇಲೆ ಎರಡು ವಿನೋದದ ಚರಮಪದ್ಯಗಳನ್ನು ಬರೆದ. ಆ ತರುಣನೇ ಮುಂದೆ ಮಹಾಕವಿಯಾದ ಮಿಲ್ಟನ್. ಊರಿನ ಜನಕ್ಕೆ ಹಾಬ್ಸನ್ ಬಿಟ್ಟುಹೋದದ್ದು ಬರಿಯ ನುಡಿಗಟ್ಟನ್ನಲ್ಲ. ೧೬೧೦ರಿಂದ ೧೬೧೪ರವರೆಗೆ ಊರಾಚೆಯ ಬುಗ್ಗೆಗಳಿಂದ ಶುದ್ಧವಾದ ನೀರನ್ನು ಪಟ್ಟಣಕ್ಕೆ ತಂದ ಕಾಲುವೆಗೆ ಆತನೂ ಪೋಷಕನಾಗಿದ್ದ. ಅದರ ರಕ್ಷಣೆಗಾಗಿ ಆಸ್ತಿಯನ್ನೂ ಬರೆದಿಟ್ಟ. 'ಹಾಬ್ಸನ್ನನ ಕಾಲುವೆ' ಎಂದೇ ಅದರ ಹೆಸರು. ಟ್ರಂಪಿಂಗ್ಟನ್ ಬೀದಿಯ ಎರಡೂ ಅಂಚಿನಲ್ಲಿ ಕಲ್ಲಿನ ಕಿರುಗಾಲುವೆಗಳಲ್ಲಿ ಆ ನೀರು ಬೇಸಗೆಯ ತಿಂಗಳುಗಳಲ್ಲಿ ಇಂದಿಗೂ ಹರಿಯುತ್ತದೆ. ಮಾರುಕಟ್ಟೆಯ ಚೌಕದಲ್ಲಿದ್ದ ಹಳೆಯ ಕಾರಂಜಿ ಮಂಟಪವನ್ನು ೧೮೫೬ರಲ್ಲಿ ಬೀದಿಯ ದಕ್ಷಿಣದ ತಿರುವಿಗೆ ಸಾಗಿಸಿ ನಿಲ್ಲಿಸಿದ್ದಾರೆ. ಆಯ್ಕೆ ಕೊಡದವನೆಂದು ಹೆಸರಾದವನು ಊರಿಗೆಲ್ಲ ನೀರು ಕೊಟ್ಟವರಲ್ಲಿ ಒಬ್ಬನೆಂಬುದು ಅಲ್ಲಿ ನಿಂತಾಗ ನೆನಪಾಗುತ್ತದೆ.

ನ್ಯೂಕ್ಯಾಸಲ್: ತಿರುಗಿಬಿದ್ದ ಗಾದೆ

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಉತ್ತರಕ್ಕೆ ಹೊರಟ ರೈಲು ಸುಮಾರು ಮೂರು ಗಂಟೆಗಳ ತರುವಾಯ ಟೈನ್ ನದಿಯನ್ನು ಎತ್ತರದ ಸೇತುವೆಯ ಮೇಲೆ ದಾಟಿ ನ್ಯೂಕ್ಯಾಸಲ್ ಸೇರುತ್ತದೆ. ಈ ನದಿಯ ಇಕ್ಕೆಲದ ನೆಲದಲ್ಲಿ ಕಲ್ಲಿದ್ದಲು ಹೇರಳವಾಗಿತ್ತು. ಹದಿಮೂರನೆಯ ಶತಮಾನದಿಂದಲೇ ಅದು ಹಡಗುಗಳಲ್ಲಿ ಲಂಡನ್ನಿನ ಒಲೆಗಳಿಗೆ ಸಾಗುತ್ತಿತ್ತು. ೧೬೦೦ರಲ್ಲಿ ಎಲಿಜಬೆತ್ ರಾಣಿ ಇಲ್ಲಿಯ ವರ್ತಕರ ಸಂಘಕ್ಕೆ ಸನ್ನದು ಕೊಟ್ಟು ಟೈನ್ ನದಿಯ ಕಲ್ಲಿದ್ದಲ ವ್ಯಾಪಾರದ ಏಕಸ್ವಾಮ್ಯವನ್ನು ಭದ್ರಗೊಳಿಸಿದಳು. ಇಂಥ ಊರಿಗೆ ಹೊರಗಿನಿಂದ ಕಲ್ಲಿದ್ದಲು ಒಯ್ಯುವವನ ಬುದ್ಧಿಗೆ ಏನೆನ್ನಬೇಕು? ಕಮ್ಮಾರರ ಬೀದಿಯಲ್ಲಿ ಸೂಜಿ ಮಾರಿದಂತೆ ಎಂದು ಕನ್ನಡದ ಗಾದೆ ಹೇಳುವುದನ್ನೇ ಇಂಗ್ಲೀಷಿನವರು 'ಕೋಲ್ಸ್ ಟು ನ್ಯೂಕ್ಯಾಸಲ್' ಎಂದರು.

ಗಾದೆಯನ್ನು ಸುಳ್ಳು ಮಾಡಿದ ಭಾಗ್ಯಶಾಲಿಯೊಬ್ಬನ ಕಥೆಯೂ ಉಂಟು. ಅಮೆರಿಕದ ಟಿಮೊಥಿ ಡೆಕ್ಸ್‌ಟರ್ ಎಂಬ ವಿಚಿತ್ರ ಸ್ವಭಾವದ ಹದಿನೆಂಟನೆಯ ಶತಮಾನದ ವ್ಯಾಪಾರಿಗೆ ಯಾರೋ ಕುಚೋದ್ಯಕ್ಕೆ ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಕಳುಹಿಸುವಂತೆ ಸಲಹೆ ಕೊಟ್ಟರಂತೆ. ಆತ ನಂಬಿ ಕಳುಹಿಸಿದ. ಸರಕು ಮುಟ್ಟುವ ವೇಳೆಗೆ ಗಣಿಯಾಳುಗಳು ಮುಷ್ಕರ ಹೂಡಿದ್ದರಿಂದ ಒಳ್ಳೆಯ ಲಾಭ ಬಂತಂತೆ. ಇದರಲ್ಲಿ ದಂತಕಥೆಯ ಪಾಲೇ ಹೆಚ್ಚೆಂದು ಕಾಣುತ್ತದೆ.

ದಂತಕಥೆಯಲ್ಲದ ಕಥೆ ನದಿಯ ದಂಡೆಗೆ ಸಮೀಪದ ಇಟ್ಟಿಗೆಯ ಕಟ್ಟಡವೊಂದರಲ್ಲಿದೆ. ದೊಡ್ಡ ಹಡಗುಗಳು ನದಿಯಲ್ಲಿ ಮೇಲಕ್ಕೆ ಬರಲಾಗದ ಕಾಲದಲ್ಲಿ ಕಲ್ಲಿದ್ದಲನ್ನು 'ಕೀಲ್' ಎಂಬ ಚಪ್ಪಟೆಯಾದ ದೋಣಿಗಳಲ್ಲಿ ತುಂಬಿ, ಹುಟ್ಟುಹಾಕಿ ಒಯ್ದು, ಸಲಿಕೆಯಿಂದ ಹಡಗಿಗೆ ಏರಿಸುವವರು ಕೀಲ್‌ಮನ್ನರು. ಮೈಮುರಿಯುವ ಈ ದುಡಿಮೆಯಲ್ಲಿ ಮುಪ್ಪಾದವರಿಗೆ ದಿಕ್ಕಿರಲಿಲ್ಲ. ಯಾರ ದಾನಕ್ಕೂ ಕಾಯದೆ, ತಮ್ಮ ಕೂಲಿಯಲ್ಲಿ ಕಾಸುಕಾಸು ಮುರಿಸಿ ಕೂಡಿಹಾಕಿ, ವೃದ್ಧರಿಗೂ ವಿಧವೆಯರಿಗೂ ಆಶ್ರಯವಾಗುವಂತೆ ೧೭೦೧ರಲ್ಲಿ ಅವರೇ ಅದನ್ನು ಕಟ್ಟಿ ಮುಗಿಸಿದರು. ವರ್ತಕರ ಐಶ್ವರ್ಯ ಗಾದೆಯಾಗಿ ಲೋಕವನ್ನೆಲ್ಲ ಸುತ್ತಿತು. ಹೊತ್ತವರ ಕಥೆ ಆ ಗೋಡೆಯೊಳಗೇ ಉಳಿಯಿತು.

ಈಗ ಗಾದೆಯೇ ತಿರುಗಿಬಿದ್ದಿದೆ. ಈ ಸೀಮೆಯ ಗಣಿಗಳು ಒಂದೊಂದಾಗಿ ಮುಚ್ಚಿದವು. ೧೯೮೪-೮೫ರ ದೀರ್ಘ ಮುಷ್ಕರ ಸೋತ ಮೇಲೆ ಅವಸಾನ ಬೇಗ ಬಂತು. ಈಶಾನ್ಯ ಪ್ರಾಂತದ ಕೊನೆಯ ಆಳಗಣಿಯಾದ ಎಲಿಂಗ್ಟನ್ ೨೦೦೫ರಲ್ಲಿ ನಿಂತಿತು. ಅದೇ ದಶಕದಲ್ಲಿ ಟೈನ್ ಬಂದರಿಗೆ ಪರದೇಶದ ಕಲ್ಲಿದ್ದಲು ಹಡಗುಗಳಲ್ಲಿ ಬಂದಿಳಿಯಿತು. ಮೂರ್ಖತನದ ಪರಮಾವಧಿಯೆಂದು ಶತಮಾನಗಳ ಕಾಲ ನಕ್ಕ ಕೆಲಸ ವ್ಯಾಪಾರದ ನಿತ್ಯಕರ್ಮವಾಯಿತು. ೨೦೨೪ರ ಸೆಪ್ಟೆಂಬರ್ ೩೦ರಂದು ಬ್ರಿಟನ್ನಿನ ಕಟ್ಟಕಡೆಯ ಕಲ್ಲಿದ್ದಲ ವಿದ್ಯುದಾಗಾರವೂ ಕೆಲಸ ನಿಲ್ಲಿಸಿತು. ಕಲ್ಲಿದ್ದಲು ಹೋಯಿತು, ನುಡಿಗಟ್ಟು ಉಳಿಯಿತು. ಮುಂದಿನ ತಲೆಮಾರಿನ ನ್ಯೂಕ್ಯಾಸಲ್ಲಿನ ಮಗು ತನ್ನ ಊರಿನ ಗಾದೆಯನ್ನು ನಮ್ಮ ಮಕ್ಕಳಂತೆಯೇ ಪಟ್ಟಿಯಿಂದ ಉರುಹೊಡೆಯಬೇಕಾದೀತು.

ಕೊವೆಂಟ್ರಿ: ಮಾತು ಬಿಟ್ಟ ಊರು, ಮಾತು ತೆಗೆದ ಊರು

ಮರಳುವ ದಾರಿಯಲ್ಲಿ ನಾಡಿನ ನಟ್ಟನಡುವೆ ಕೊವೆಂಟ್ರಿ. ಒಂದೇ ಊರು ಇಂಗ್ಲೀಷಿಗೆ ಎರಡು ಪ್ರಸಿದ್ಧ ಮಾತುಗಳನ್ನು ಕೊಟ್ಟಿದೆ. ಎರಡರಲ್ಲೂ ಊರಿಗೆ ಕೀರ್ತಿಯಿಲ್ಲ.

ಮೊದಲನೆಯದು 'ಪೀಪಿಂಗ್ ಟಾಮ್'. ಹನ್ನೊಂದನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ಲಿಯೊಫ್ರಿಕ್ ಪ್ರಭುವಿನ ಪತ್ನಿ ಗೊಡೈವ, ಪ್ರಜೆಗಳ ಮೇಲಿನ ಕಂದಾಯವನ್ನು ಇಳಿಸೆಂದು ಪತಿಯನ್ನು ಬೇಡಿದಳಂತೆ. ವಸ್ತ್ರವಿಲ್ಲದೆ ಕುದುರೆಯೇರಿ ಪೇಟೆಯಲ್ಲಿ ಹಾದುಹೋದರೆ ಇಳಿಸುವೆನೆಂದು ಆತ ಹಾಸ್ಯಕ್ಕೆಂದ. ಆಕೆ ತನ್ನ ಕೇಶರಾಶಿಯನ್ನೇ ಹೊದಿಕೆಯಾಗಿಸಿಕೊಂಡು ಹೊರಟೇಬಿಟ್ಟಳು. ಕೃತಜ್ಞರಾದ ಜನ ಕಿಟಕಿ ಮುಚ್ಚಿ ಒಳಗುಳಿದರು. ಟಾಮ್ ಎಂಬ ದರ್ಜಿಯೊಬ್ಬ ಮಾತ್ರ ಇಣುಕಿ ಕಣ್ಣು ಕಳೆದುಕೊಂಡ. ಗೊಡೈವ ಚಾರಿತ್ರಿಕ ವ್ಯಕ್ತಿ. ಸವಾರಿಯ ಕಥೆ ಆಕೆ ತೀರಿಕೊಂಡು ಶತಮಾನಕ್ಕೂ ಮೀರಿದ ಮೇಲೆ ಬರೆದದ್ದು. ಟಾಮನಂತೂ ಹದಿನೇಳನೆಯ ಶತಮಾನದಲ್ಲಿ ಬಂದು ಸೇರಿಕೊಂಡವನು. ಪೇಟೆಯ ಬ್ರಾಡ್‌ಗೇಟ್ ಚೌಕದಲ್ಲಿ ಕುದುರೆಯೇರಿದ ಗೊಡೈವಳ ಕಂಚಿನ ಪ್ರತಿಮೆ ೧೯೪೯ರಿಂದ ನಿಂತಿದೆ.

ಎರಡನೆಯದೇ 'ಕೊವೆಂಟ್ರಿಗೆ ಕಳುಹಿಸು'. ಒಬ್ಬನನ್ನು ಹೊಡೆಯದೆ, ಬಯ್ಯದೆ, ಅವನು ಇದ್ದಾನೆಂಬುದನ್ನೇ ಗಮನಿಸದೆ ಎಲ್ಲರೂ ಮಾತು ಬಿಡುವುದು ಎಂದು ಇದರ ಅರ್ಥ. ನಮ್ಮ ಮಕ್ಕಳು 'ಟೂ ಬಿಡುವುದು' ಇದರ ಮುಗ್ಧರೂಪ. ಹಳ್ಳಿಯ ಪಂಚಾಯಿತಿಗಳು ಮನೆತನಗಳಿಗೆ ಹಾಕುತ್ತಿದ್ದ ಬಹಿಷ್ಕಾರ ಇದರ ಘೋರರೂಪ. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಮುಷ್ಕರ ಮುರಿದ ಕೆಲಸಗಾರನಿಗೂ ವಸತಿಶಾಲೆಗಳಲ್ಲಿ ಚಾಡಿ ಹೇಳಿದ ಹುಡುಗನಿಗೂ ಈ ಶಿಕ್ಷೆ ಸಲ್ಲುತ್ತಿತ್ತು.

ಇದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೆಚ್ಚು ಜನ ಮೆಚ್ಚುವ ವಿವರಣೆ ಹದಿನೇಳನೆಯ ಶತಮಾನದ ಅಂತರ್ಯುದ್ಧಕ್ಕೆ ಸೇರಿದೆ. ದೊರೆ ಒಂದನೆಯ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ ಕೊವೆಂಟ್ರಿ ಪಾರ್ಲಿಮೆಂಟಿನ ಪಕ್ಷದ ಭದ್ರ ನೆಲೆಯಾಗಿತ್ತು. ಬರ್ಮಿಂಗ್‌ಹ್ಯಾಮಿನ ಜನ ದೊರೆಯ ಕಡೆಯವರನ್ನು ಸೆರೆಹಿಡಿದು ಕೊವೆಂಟ್ರಿಗೆ ಕಳುಹಿಸಿದರೆಂದು ಆ ಕಾಲದ ಇತಿಹಾಸವನ್ನು ಬರೆದ ಕ್ಲಾರೆಂಡನ್ ಪ್ರಭು ಹೇಳಿದ್ದಾನೆ. ೧೬೪೮ರಲ್ಲಿ ಸೋತ ಸ್ಕಾಟಿಷ್ ಸೈನಿಕರನ್ನು ಅಲ್ಲಿಯ ಸೇಂಟ್ ಜಾನ್ ದೇವಾಲಯದಲ್ಲಿ ಇರಿಸಿದ್ದರು. ಅವರು ಬೀದಿಗೆ ಬಂದರೆ ಊರಿನವರು ಮುಖ ತಿರುಗಿಸಿ ನಡೆದರೆಂದೂ ಅಲ್ಲಿಂದ ಈ ಮಾತು ಹುಟ್ಟಿತೆಂದೂ ಐತಿಹ್ಯ. ಆ ಪುಟ್ಟ ದೇವಾಲಯ ಇಂದಿಗೂ ಇದೆ.

ಹೀಗೆ ಮೌನದ ಶಿಕ್ಷೆಗೆ ಹೆಸರಾದ ಊರಿನ ಮೇಲೆ ೧೯೪೦ರ ನವೆಂಬರ್ ೧೪ರ ಬೆಳುದಿಂಗಳ ರಾತ್ರಿ ಜರ್ಮನ್ ವಿಮಾನಗಳು ಗಂಟೆಗಟ್ಟಲೆ ಬಾಂಬು ಸುರಿದವು. ಐನೂರಕ್ಕೂ ಹೆಚ್ಚು ಜನ ಸತ್ತರು. ಪೇಟೆಯ ಹೃದಯಭಾಗ ಸುಟ್ಟಿತು. ಸೇಂಟ್ ಮೈಕೇಲ್ ಪ್ರಧಾನ ದೇವಾಲಯದ ಗೋಡೆಗಳೂ ಶಿಖರವೂ ಉಳಿದು ಛಾವಣಿಯೆಲ್ಲ ಉರಿದು ಬಿತ್ತು. ಸುಟ್ಟ ಎರಡು ತೊಲೆಗಳು ಒಂದರ ಮೇಲೊಂದು ಶಿಲುಬೆಯಾಕಾರದಲ್ಲಿ ಬಿದ್ದಿದ್ದವು. ಅವನ್ನು ಎತ್ತಿ ನಿಲ್ಲಿಸಿದರು. ಪ್ರಧಾನ ಪಾದ್ರಿ ರಿಚರ್ಡ್ ಹೊವಾರ್ಡ್ ಪಾಳುಗೋಡೆಯ ಮೇಲೆ, ಕ್ಷಮಿಸೆಂದು ತಂದೆಯಾದ ದೇವರನ್ನು ಬೇಡುವ ಎರಡೇ ಪದಗಳನ್ನು ಕೆತ್ತಿಸಿದರು. 'ಅವರನ್ನು' ಕ್ಷಮಿಸು ಎಂದು ಅದರಲ್ಲಿಲ್ಲ. ಕ್ಷಮೆ ಬೇಕಾದವರ ಪಟ್ಟಿಯಿಂದ ತಮ್ಮವರನ್ನು ಬಿಡದಿರುವ ಎಚ್ಚರ ಅದರಲ್ಲಿದೆ. ಅದೇ ವರ್ಷದ ಕ್ರಿಸ್ಮಸ್ ದಿನ, ಪಾಳುಮಂದಿರದಿಂದಲೇ ಬಾನುಲಿಯಲ್ಲಿ ಮಾತನಾಡುತ್ತ ಸೇಡಿನ ಭಾವನೆಯನ್ನು ತೊರೆಯಬೇಕೆಂದು ಅವರು ಕೇಳಿಕೊಂಡರು. ಊರಿನ ಗಾಯ ಆರಿರಲಿಲ್ಲ; ಈ ಮಾತು ಎಲ್ಲರಿಗೂ ಹಿಡಿಸುವ ಮಾತೂ ಆಗಿರಲಿಲ್ಲ.

ಆದರೂ ಊರು ಆ ದಾರಿಯಲ್ಲೇ ನಡೆಯಿತು. ಪಾಳುಗೋಡೆಗಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಬ್ಯಾಸಿಲ್ ಸ್ಪೆನ್ಸ್ ರೂಪಿಸಿದ ಹೊಸ ದೇವಾಲಯವನ್ನು ಕಟ್ಟಿದರು. ಅದು ೧೯೬೨ರ ಮೇ ೨೫ರಂದು ಪ್ರತಿಷ್ಠಿತವಾಯಿತು. ೧೯೫೯ರಲ್ಲಿ ಕೊವೆಂಟ್ರಿ ತನ್ನ ಸೋದರನಗರವಾಗಿ ಸ್ವೀಕರಿಸಿದುದು ಜರ್ಮನಿಯ ಡ್ರೆಸ್ಡೆನ್ ಪಟ್ಟಣವನ್ನು. ೧೯೪೫ರಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳ ದಾಳಿಗೆ ಅದು ಬೂದಿಯಾಗಿತ್ತು. ಜರ್ಮನ್ ತರುಣರು ಕೊವೆಂಟ್ರಿಯ ಪಾಳುಮಂದಿರಕ್ಕೆ ಬಂದು ದುಡಿದರು. ೧೯೬೫ರಲ್ಲಿ ಬ್ರಿಟಿಷ್ ತರುಣತರುಣಿಯರು ಡ್ರೆಸ್ಡೆನ್ನಿಗೆ ಹೋಗಿ ಬಾಂಬಿಗೆ ಕುಸಿದ ಆಸ್ಪತ್ರೆಯೊಂದನ್ನು ಕಟ್ಟುವುದಕ್ಕೆ ಹೆಗಲು ಕೊಟ್ಟರು. ಸೆರೆಯಾಳುಗಳೊಡನೆ ಮಾತು ಬಿಟ್ಟಿತೆಂದು ಭಾಷೆಯಲ್ಲಿ ಅಪಕೀರ್ತಿ ಹೊತ್ತ ಊರು, ಮನೆ ಸುಟ್ಟವರೊಡನೆ ತಾನೇ ಮೊದಲು ಮಾತು ತೆಗೆದ ಊರುಗಳಲ್ಲಿ ಒಂದಾಯಿತು. ನಿಘಂಟಿನಲ್ಲಿ ಮಾತ್ರ ಹಳೆಯ ಅರ್ಥವೇ ಮುಂದುವರಿದಿದೆ.

ನಮ್ಮ ಮನೆಯ ಮಾತು

ಊರಿನ ಹೆಸರು ಹೀಗೆ ನುಡಿಗಟ್ಟಿನಲ್ಲಿ ಸೆರೆಯಾಗುವುದು ಇಂಗ್ಲೆಂಡಿಗೆ ಮಾತ್ರ ಸೀಮಿತವಲ್ಲ. ಮಕ್ಕಳು ಆಟದ ಸಾಮಾನುಗಳನ್ನೆಲ್ಲ ಹರಡಿದ ಸಂಜೆ, ಮನೆ ಹಾಳುಹಂಪೆಯಾಯಿತೆಂದು ಕನ್ನಡದ ತಾಯಿ ಗದರುತ್ತಾಳೆ. ೧೫೬೫ರ ಕದನದ ಅನಂತರ ಸೂರೆಯಾಗಿ ನಿರ್ಜನವಾದ ಮಹಾನಗರವೊಂದರ ದುಃಖ ಆ ಮಾತಿನಲ್ಲಿದೆಯೆಂಬುದು ತಾಯಿಗೂ ಮಕ್ಕಳಿಗೂ ಆ ಗಳಿಗೆಯಲ್ಲಿ ನೆನಪಿರುವುದಿಲ್ಲ. ನೆನಪಿರಬೇಕೆಂದೂ ಇಲ್ಲ, ಅಷ್ಟೆಲ್ಲ ನೆನೆಸಿಕೊಂಡು ಮಾತನಾಡುವುದಾದರೆ ಯಾರೂ ಬಾಯಿ ತೆರೆಯಲಾರರು.

ಆದರೆ ಎಂದಾದರೊಂದು ದಿನ ಆ ಮಕ್ಕಳನ್ನು ತುಂಗಭದ್ರೆಯ ತೀರಕ್ಕೆ ಕರೆದೊಯ್ದು, ಹಂಪೆಯ ಬಂಡೆಗಳ ನಡುವೆ ನಿಲ್ಲಿಸಿ, ಮನೆಯಲ್ಲಿ ಗದರುವಾಗ ಆಡುವ ಹಂಪೆ ಇದೇ ಎಂದು ತೋರಿಸಿದರೆ ಅವರು ಆ ಮಾತನ್ನು ಮತ್ತೆಂದೂ ಮರೆಯುವುದಿಲ್ಲ. ಇಂಗ್ಲೀಷ್ ಪಾಠದ ಪಟ್ಟಿಯನ್ನು ಮನೆಯಲ್ಲಿ ಓದಿಸುವ ತಂದೆತಾಯಿಗಳೂ ಒಮ್ಮೆ ಭೂಪಟವನ್ನು ಬಿಡಿಸಿ, ಕೊವೆಂಟ್ರಿ ಇಲ್ಲಿದೆ, ನ್ಯೂಕ್ಯಾಸಲ್ ಅಲ್ಲಿದೆ ಎಂದು ಬೆರಳಿಟ್ಟು ತೋರಿಸಿ ಈ ಕಥೆಗಳನ್ನು ಹೇಳಬಹುದು. ಅದರಿಂದ ಅಂಕಗಳು ಹೆಚ್ಚಿದರೆ ಸಂತೋಷ. ಹೆಚ್ಚದಿದ್ದರೂ, ತಮ್ಮ ತರಗತಿಯಲ್ಲಿ ಯಾರೂ ಮಾತನಾಡಿಸದ ಮಗುವೊಂದು ಮೂಲೆಯಲ್ಲಿ ಕುಳಿತಿದ್ದರೆ, ಅದನ್ನು ಮಾತನಾಡಿಸುವ ಬುದ್ಧಿ ಮಕ್ಕಳಿಗೆ ಬಂದೀತು.